ಗುಜರಿ ಉಕ್ಕಿನ ಪಿಕಪ್ ರ‍್ಯಾಕ್: ಯಾವ ಎತ್ತರ, ಯಾವ ಕಬ್ಬಿಣ, ಯಾವ ಜೋಡಣೆ?

ಗುಜರಿ ರಾಶಿಯ ಮುಂದೆ ನಿಂತವರಿಗೆ ಎಲ್ಲದರಲ್ಲೂ ರ‍್ಯಾಕ್ ಕಾಣತೊಡಗುತ್ತದೆ. ಮುರಿದ ಮಂಚದ ಚೌಕಟ್ಟು, ಯಾರೋ ಕೈಬಿಟ್ಟ ವ್ಯಾಯಾಮದ ಯಂತ್ರ, ತುದಿ ಬಾಗಿದ ಸ್ಕ್ಯಾಫೋಲ್ಡಿಂಗ್ ಪೈಪ್, ಗೋದಾಮಿನಿಂದ ಬಿಚ್ಚಿ ತಂದ ಕಪಾಟಿನ ಕಂಬಗಳು. ಇಷ್ಟು ಕಬ್ಬಿಣ ಕಣ್ಣೆದುರು ಬಿದ್ದಿರುವಾಗ ಪಿಕಪ್‌ನ ಹಿಂಬದಿಯ ತೊಟ್ಟಿಯ ಮೇಲೆ ಕೂರುವ, ಸಾಮಾನು ಹೊರುವ ಒಂದು ರ‍್ಯಾಕ್ ಮಾಡಿಕೊಳ್ಳುವುದೇನು ಮಹಾ ಎನ್ನಿಸುತ್ತದೆ. ಮಹಾ ಏನಲ್ಲ, ನಿಜ. ಆದರೆ ಈ ಕೆಲಸಕ್ಕೆ ಇಳಿಯುವವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಯಾವಾಗಲೂ ತಪ್ಪು ತುದಿಯಿಂದ ಶುರುವಾಗುತ್ತದೆ: ಚೌಕ ಪೈಪ್ ಗಟ್ಟಿಯೋ, ದುಂಡು ಪೈಪ್ ಗಟ್ಟಿಯೋ, ಆಂಗಲ್ (L ಆಕಾರದ ಕಬ್ಬಿಣದ ಪಟ್ಟಿ) ಸಾಕೋ?

ನಾನು ತಿರುಗಿ ಕೇಳುವುದು ಬೇರೆ. ನಿಮಗೆ ಇವುಗಳಲ್ಲಿ ಯಾವುದನ್ನು ಚೆನ್ನಾಗಿ ಜೋಡಿಸಲು ಬರುತ್ತದೆ? ಮುರಿದ ರ‍್ಯಾಕ್‌ಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಪೈಪ್ ತನ್ನ ನಡುವಿನಲ್ಲಿ ಎರಡಾದದ್ದನ್ನು ಇನ್ನೂ ನೋಡಿಲ್ಲ. ಬಿಡುವುದೆಲ್ಲ ಮೂಲೆಯಲ್ಲಿ, ಬೆಸುಗೆಯ ಅಂಚಿನಲ್ಲಿ, ಇಲ್ಲವೇ ಬೋಲ್ಟ್ ತೊಟ್ಟಿಯ ತಗಡನ್ನು ಕಚ್ಚಿದ ಜಾಗದಲ್ಲಿ.

ಮೊದಲು ಅಳತೆಗೋಲು

ರಾಶಿಗೆ ಕೈ ಹಾಕುವ ಮೊದಲು ನಾಲ್ಕು ವಿಷಯ ಗೊತ್ತಿರಬೇಕು. ಏನನ್ನು ಹೊರಬೇಕು, ಎಷ್ಟು ಎತ್ತರದಲ್ಲಿ? ರ‍್ಯಾಕ್ ತಾನೇ ಎಷ್ಟು ತೂಗಬಹುದು? ನಿಮ್ಮ ಬಳಿ ಇರುವ ಉಪಕರಣ ಮತ್ತು ಕೈಚಳಕ ಯಾವ ಬಗೆಯ ಜೋಡಣೆಗೆ ಸಾಕು? ಗಾಡಿಯ ತೊಟ್ಟಿ ಅದನ್ನು ಎಲ್ಲಿ ಹಿಡಿದುಕೊಳ್ಳುತ್ತದೆ? ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ಯಾವ ಕಬ್ಬಿಣ ಎಂಬ ಐದನೆಯದು ಬಹುಪಾಲು ತಾನಾಗಿಯೇ ತೀರ್ಮಾನವಾಗುತ್ತದೆ.

ತೂಕದ ಲೆಕ್ಕವನ್ನು ಜನ ಮರೆಯುತ್ತಾರೆ. ಗಾಡಿಗೆ ಅನುಮತಿಸಿದ ಒಟ್ಟು ತೂಕದಿಂದ ಖಾಲಿ ಗಾಡಿಯ ತೂಕವನ್ನು ಕಳೆದರೆ ಉಳಿಯುವುದೇ ಹೊರೆಯ ಮಿತಿ. ಚಾಲಕ, ಜೊತೆಯಲ್ಲಿ ಕೂತವರು, ಸಾಮಾನು, ರ‍್ಯಾಕ್ ಎಲ್ಲವೂ ಅದರೊಳಗೇ ಅಡಕವಾಗಬೇಕು. ದಪ್ಪ ಕಬ್ಬಿಣ ಪುಕ್ಕಟೆ ಸಿಕ್ಕಿತೆಂದು ನೂರು ಕೆ.ಜಿ.ಯ ರ‍್ಯಾಕ್ ಕಟ್ಟಿದರೆ ಮೂಗಿಗಿಂತ ಮೂಗುತಿ ಭಾರವಾದಂತೆ. ಆ ನೂರು ಕೆ.ಜಿ. ಸದಾ ಮೇಲೆಯೇ ಇರುತ್ತದೆ, ತಿರುವಿನಲ್ಲಿ ಗಾಡಿಯನ್ನು ಹೊರಕ್ಕೆ ವಾಲಿಸುತ್ತಲೇ ಇರುತ್ತದೆ.

ತೊಟ್ಟಿಗಿಂತ ಅರ್ಧ ಮೀಟರಿನಷ್ಟು ಮೇಲಿರುವ, ನಾಲ್ಕು ಕಂಬ, ಎರಡು ಉದ್ದಪಟ್ಟಿ, ನಾಲ್ಕು ಅಡ್ಡಪಟ್ಟಿಗಳ ಸಾಧಾರಣ ರ‍್ಯಾಕ್‌ಗೆ ತಳದ ಪಟ್ಟಿ, ಓರೆಯಾಗಿ ಆಸರೆ ಕೊಡುವ ಕರ್ಣಪಟ್ಟಿಗಳೆಲ್ಲ ಸೇರಿ ಸುಮಾರು 15 ಮೀಟರ್ ಕಬ್ಬಿಣ ಬೇಕಾಗುತ್ತದೆ. ಈ 15 ಮೀಟರನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಎತ್ತರ: ಮೂರು ದಾರಿ

ಅತ್ಯಂತ ಸರಳವಾದದ್ದು ಕ್ಯಾಬಿನ್ನಿನ ಹಿಂದೆ ನಿಲ್ಲುವ ಒಂದೇ ಚೌಕಟ್ಟು. ಮುಂದಕ್ಕೆ ಜಾರುವ ಸಾಮಾನಿನಿಂದ ಹಿಂಬದಿಯ ಗಾಜನ್ನು ಕಾಯುತ್ತದೆ, ಉದ್ದದ ಹಲಗೆಗೆ ಒರಗು ಕೊಡುತ್ತದೆ. ಆರೇಳು ಮೀಟರ್ ಕಬ್ಬಿಣ ಸಾಕು, ಒಂದು ವಾರಾಂತ್ಯದ ಕೆಲಸ. ಮೇಲಿನ ಬ್ರೇಕ್ ದೀಪವನ್ನು ಮುಚ್ಚದಂತೆ ನೋಡಿಕೊಂಡರೆ ಮುಗಿಯಿತು. ಮೊದಲ ಸಲ ಬೆಸುಗೆ ಹಿಡಿಯುವವರು ಇಲ್ಲಿಂದಲೇ ಶುರು ಮಾಡಲಿ.

ಎರಡನೆಯದು ಕ್ಯಾಬಿನ್ನಿನ ಚಾವಣಿಗಿಂತ ಕೆಳಗೇ ಮುಗಿಯುವ ತಗ್ಗಿನ ರ‍್ಯಾಕ್. ಡೇರೆ, ಸೈಕಲ್, ನೀರಿನ ಡಬ್ಬ, ಉಪಕರಣದ ಪೆಟ್ಟಿಗೆ ಇಡಲು ಇದೇ ಯೋಗ್ಯ. ಗಾಳಿ ಇದನ್ನು ಹೆಚ್ಚು ಹಿಡಿಯುವುದಿಲ್ಲ, ಹೊರೆ ತಗ್ಗಿನಲ್ಲಿರುತ್ತದೆ, ಕಂಬಗಳು ಗಿಡ್ಡವಾದ್ದರಿಂದ ತುಯ್ದಾಟವೂ ಕಡಿಮೆ.

ಮೂರನೆಯದು ಕ್ಯಾಬಿನ್ನಿನ ಮೇಲೆ ಹಾದುಹೋಗುವ ಎತ್ತರದ ರ‍್ಯಾಕ್. ಏಣಿ, ಉದ್ದದ ಪೈಪ್, ಮರದ ತೊಲೆ ಸಾಗಿಸುವವರಿಗೆ ಬೇರೆ ದಾರಿಯಿಲ್ಲ. ಆದರೆ ಕಂಬದ ಎತ್ತರ ಇಮ್ಮಡಿಯಾದರೆ ಬ್ರೇಕ್ ಹಾಕಿದಾಗ ಅದರ ಬುಡದ ಮೇಲೆ ಬೀಳುವ ಬಗ್ಗಿಸುವ ಬಲವೂ ಇಮ್ಮಡಿಯಾಗುತ್ತದೆ. ಇನ್ನೊಂದು ಸಂಗತಿಯೂ ಇದೆ, ತಿಳಿಯದೆ ಹೋದರೆ ದುಬಾರಿಯಾಗುವಂಥದ್ದು. ಚಾಸಿಯ ಮೇಲೆ ಕ್ಯಾಬಿನ್ ಬೇರೆ, ತೊಟ್ಟಿ ಬೇರೆ ಕೂರುವ ಪಿಕಪ್‌ಗಳಲ್ಲಿ ಇವೆರಡೂ ಒಂದೇ ಲಯದಲ್ಲಿ ಅಲುಗುವುದಿಲ್ಲ. ಹಳ್ಳ ಹತ್ತಿ ಇಳಿಯುವಾಗ ಹಿಂದಿನ ಕಿಟಕಿಯ ಪಕ್ಕದ ಸಂದನ್ನು ಯಾರಿಗಾದರೂ ಗಮನಿಸಲು ಹೇಳಿ. ಅದು ಹಿಗ್ಗುವುದು ಕುಗ್ಗುವುದು ಕಣ್ಣಿಗೇ ಕಾಣುತ್ತದೆ. ಒಂದೇ ರ‍್ಯಾಕನ್ನು ಎರಡಕ್ಕೂ ಬಿಗಿದರೆ ಒಂದೋ ಬೆಸುಗೆ ಬಿಡುತ್ತದೆ, ಇಲ್ಲವೇ ಕ್ಯಾಬಿನ್ನಿನ ಚಾವಣಿ ಹರಿಯುತ್ತದೆ. ಮುಂದಿನ ಭಾಗ ಕ್ಯಾಬಿನ್ನಿನ ಮೇಲೆ ಚಾಚಿಕೊಂಡು ತೇಲುತ್ತಿರಬೇಕು. ಮುಟ್ಟಕೂಡದು.

ಏಣಿ ಸಾಗಿಸುವುದು ವರ್ಷಕ್ಕೆ ನಾಲ್ಕು ಸಲವಾದರೆ ಮೂರನೆಯ ದಾರಿ ಬೇಡ ಎಂದೇ ನನ್ನ ಸಲಹೆ. ತಗ್ಗಿನ ರ‍್ಯಾಕ್ ಕಟ್ಟಿ, ಬೇಕಾದಾಗ ಸಿಕ್ಕಿಸಿಕೊಳ್ಳುವ ಎರಡು ಎತ್ತರದ ಕವಲುಗಳನ್ನು ಮಾಡಿಟ್ಟುಕೊಳ್ಳಿ.

ಕಬ್ಬಿಣ: ರಾಶಿಯಲ್ಲಿ ಏನೇನಿದೆ

ಹೋಲಿಸಲು ಒಂದು ಒರೆಗಲ್ಲು ಬೇಕು. 1.4 ಮೀಟರ್ ಉದ್ದದ ಅಡ್ಡಪಟ್ಟಿಯ ನಟ್ಟನಡುವೆ 100 ಕೆ.ಜಿ. ಇಟ್ಟೆವು ಎಂದುಕೊಳ್ಳೋಣ. ನಿಜ ಜೀವನದಲ್ಲಿ ಹೊರೆ ಹಲವು ಪಟ್ಟಿಗಳ ಮೇಲೆ ಹಂಚಿಹೋಗುತ್ತದೆ; ಇದು ಬೇಕೆಂದೇ ಒಡ್ಡಿದ ಕಠಿಣ ಪರೀಕ್ಷೆ. ಸಾಧಾರಣ ಮೃದು ಉಕ್ಕು ಸುಮಾರು 250 ಮೆಗಾಪಾಸ್ಕಲ್ ಒತ್ತಡಕ್ಕೆ ಶಾಶ್ವತವಾಗಿ ಬಾಗಲು ಶುರುವಾಗುತ್ತದೆ. ಗುಂಡಿಗೆ ಚಕ್ರ ಬಿದ್ದಾಗ ಹೊರೆಯ ಪೆಟ್ಟು ಮೂರು ಪಟ್ಟಾಗಬಹುದು ಎಂದು ಹಿಡಿದು ಲೆಕ್ಕ ಹಾಕುವುದು ಕ್ಷೇಮ.

50 ಮಿ.ಮೀ. ಚೌಕ ಪೈಪ್, ಗೋಡೆಯ ದಪ್ಪ 2 ಮಿ.ಮೀ.: ಮೀಟರಿಗೆ ಸುಮಾರು 3 ಕೆ.ಜಿ. ಪರೀಕ್ಷೆಯಲ್ಲಿ ಒತ್ತಡ 58 ಮೆಗಾಪಾಸ್ಕಲ್. ಮೂರು ಪಟ್ಟು ಮಾಡಿದರೂ ಮಿತಿಗಿಂತ ಬಹಳ ಕೆಳಗೆ.

40 ಮಿ.ಮೀ. ಚೌಕ ಪೈಪ್, ದಪ್ಪ 2 ಮಿ.ಮೀ.: ಮೀಟರಿಗೆ 2.4 ಕೆ.ಜಿ., ಒತ್ತಡ 93. ಮೂರು ಪಟ್ಟಾದರೆ 250 ದಾಟುತ್ತದೆ. ಹಗುರ ಹೊರೆಗೆ ಸಾಕು, ಭಾರಕ್ಕೆ ಬೇಡ.

ಸ್ಕ್ಯಾಫೋಲ್ಡಿಂಗ್ ಪೈಪ್, ಹೊರವ್ಯಾಸ 48.3 ಮಿ.ಮೀ., ದಪ್ಪ 4 ಮಿ.ಮೀ.: ಮೀಟರಿಗೆ 4.4 ಕೆ.ಜಿ., ಒತ್ತಡ 60.

40 ಮಿ.ಮೀ. ಆಂಗಲ್, ದಪ್ಪ 5 ಮಿ.ಮೀ.: ಮೀಟರಿಗೆ 3 ಕೆ.ಜಿ., ಒತ್ತಡ 180. ಮೂರು ಪಟ್ಟನ್ನು ಇದು ತಡೆಯುವುದಿಲ್ಲ.

ಮೊದಲನೆಯದನ್ನೂ ಮೂರನೆಯದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. 2 ಮಿ.ಮೀ. ಗೋಡೆಯ ಚೌಕ ಪೈಪ್ ಅಷ್ಟು ದಪ್ಪದ ಸ್ಕ್ಯಾಫೋಲ್ಡಿಂಗ್ ಪೈಪಿಗೆ ಸರಿಸಾಟಿಯಾಗಿ ನಿಲ್ಲುತ್ತದೆ. 15 ಮೀಟರಿಗೆ ಒಂದು 45 ಕೆ.ಜಿ., ಇನ್ನೊಂದು 66 ಕೆ.ಜಿ. ಬಾಗುವಿಕೆಯ ಆಟದಲ್ಲಿ ಗೆಲ್ಲುವುದು ಗೋಡೆಯ ದಪ್ಪಕ್ಕಿಂತ ಹೊರ ಅಳತೆ. ಕೈಯಲ್ಲಿ ಎತ್ತಿ ‘ಇದು ಗಟ್ಟಿ’ ಎಂದು ತೀರ್ಮಾನಿಸುವವರು ಇಲ್ಲೇ ಎಡವುತ್ತಾರೆ.

ಹಾಗಾದರೆ ಎಲ್ಲರೂ ತೆಳು ಚೌಕ ಪೈಪನ್ನೇ ಹುಡುಕಬೇಕೆ? ಹಾಗಲ್ಲ. ತೆಳು ಗೋಡೆಗೆ ತುಕ್ಕು ದೊಡ್ಡ ಶತ್ರು. ಅರ್ಧ ಮಿ.ಮೀ. ಆಳಕ್ಕೆ ತುಕ್ಕು ಕೊರೆದರೆ 2 ಮಿ.ಮೀ. ಪೈಪಿನ ಕಾಲು ಭಾಗವೇ ಹೋಯಿತು, 4 ಮಿ.ಮೀ. ಪೈಪಿಗೆ ಅದು ಎಂಟನೇ ಒಂದು ಭಾಗ ಮಾತ್ರ. ಅಲ್ಲದೆ ಕೈ ಇನ್ನೂ ಪಳಗದವರು 2 ಮಿ.ಮೀ. ಗೋಡೆಗೆ ಸಾಮಾನ್ಯ ಕಡ್ಡಿಯ ವೆಲ್ಡಿಂಗ್ ಮಾಡಲು ಹೋದರೆ ತೂತು ಬೀಳಿಸುವುದೇ ಹೆಚ್ಚು. ದಪ್ಪ ಪೈಪ್ ಹೊಸಬರ ತಪ್ಪನ್ನು ಕ್ಷಮಿಸುತ್ತದೆ.

ಚೌಕ ಪೈಪ್ ಎಲ್ಲಿ ಸಿಗುತ್ತದೆ? ನನ್ನ ಅನುಭವದಲ್ಲಿ ಒಳ್ಳೆಯ ಗಣಿಯೆಂದರೆ ಹಳೆಯ ವ್ಯಾಯಾಮದ ಯಂತ್ರಗಳು. ಮನೆಯೊಳಗೇ ಇದ್ದುದರಿಂದ ತುಕ್ಕು ಕಡಿಮೆ, ಗೋಡೆ ಹಲವು ಬಾರಿ 2 ರಿಂದ 3 ಮಿ.ಮೀ. ಕೊರತೆಯೆಂದರೆ ತುಂಡುಗಳು ಗಿಡ್ಡ, ಎಲ್ಲೆಂದರಲ್ಲಿ ಬೋಲ್ಟಿನ ತೂತು. ತೂತಿರುವ ತುಂಡನ್ನು ಕಂಬದ ಮೇಲ್ಭಾಗಕ್ಕೋ ತಳಪಟ್ಟಿಗೋ ಬಳಸಿ. ಅಡ್ಡಪಟ್ಟಿಯ ನಡುವಿನಲ್ಲಿ, ಅದರಲ್ಲೂ ಕೆಳಮುಖದಲ್ಲಿ, ತೂತು ಬರದಿರಲಿ.

ಗೋದಾಮಿನ ಪ್ಯಾಲೆಟ್ ಕಪಾಟು ಇನ್ನೊಂದು ನಿಧಿ, ಅರ್ಧ ನಿಧಿ ಎನ್ನಬೇಕು. ಅದರ ಅಡ್ಡ ತೊಲೆಗಳು ಸಾಮಾನ್ಯವಾಗಿ ಮುಚ್ಚಿದ ಪೆಟ್ಟಿಗೆಯಾಕಾರದವು. ಉದ್ದಪಟ್ಟಿಗೆ ಹೇಳಿ ಮಾಡಿಸಿದಂತಿರುತ್ತವೆ. ಸಾಲುಸಾಲು ತೂತಿರುವ ಕಂಬಗಳು ಮಾತ್ರ ಒಂದು ಬದಿ ತೆರೆದ ತಗಡಿನವು; ನೇರ ಹೊರೆಗೆ ಗಟ್ಟಿ, ತಿರುಚಿದರೆ ರಟ್ಟಿನ ಪೆಟ್ಟಿಗೆಯಂತೆ ಶರಣಾಗುತ್ತವೆ. ಅವನ್ನು ಪೆಟ್ಟಿಗೆ, ಡಬ್ಬ ಸಿಕ್ಕಿಸುವ ಪಕ್ಕದ ಹಲಗೆಯಾಗಿ ಬಳಸಿ, ಕಂಬವಾಗಿ ಬೇಡ.

ಆಂಗಲ್‌ಗೂ ಇದೇ ಕೊರತೆ. ಅದು ತೆರೆದ ಆಕಾರ, ತಿರುಚುವಿಕೆಗೆ ಬಲವೇ ಇಲ್ಲ. ಆದರೆ ಕರ್ಣಪಟ್ಟಿ, ತೊಟ್ಟಿಯ ಅಂಚಿನುದ್ದಕ್ಕೂ ಕೂರುವ ತಳಪಟ್ಟಿ, ಪೆಟ್ಟಿಗೆ ತಾಗಿ ನಿಲ್ಲುವ ಅಂಚು, ಇವಕ್ಕೆ ಅದರಷ್ಟು ಅನುಕೂಲವಾದದ್ದು ಬೇರೊಂದಿಲ್ಲ. ಬೋಲ್ಟ್ ಹಾಕಲು ಚಪ್ಪಟೆ ಮುಖ ಸಿದ್ಧವಾಗಿಯೇ ಸಿಗುತ್ತದೆ.

ಮಂಚದ ಆಂಗಲ್ ಬಗ್ಗೆ ಬೇರೆಯಾಗಿಯೇ ಹೇಳಬೇಕು. ನನ್ನ ಮೊದಲ ರ‍್ಯಾಕ್ ಅದರದ್ದೇ. ತೂತು ಕೊರೆಯುವಾಗ ಎರಡು ಡ್ರಿಲ್ ಬಿಟ್ ಮೊಂಡಾದವು. ಬಿಟ್ ಕಳಪೆ ಎಂದು ಬೈದುಕೊಂಡೆ. ಕೆಲವು ತಿಂಗಳಾದ ಮೇಲೆ ನೋಡಿದರೆ ಬೆಸುಗೆಗಳೆಲ್ಲ ಭದ್ರವಾಗಿದ್ದವು, ಅವುಗಳ ಪಕ್ಕದ ಕಬ್ಬಿಣ ಗಾಜಿನಂತೆ ಬಿರುಕು ಬಿಟ್ಟಿತ್ತು. ಕೆಲವು ಮಂಚದ ಚೌಕಟ್ಟುಗಳನ್ನು ಹಳೆಯ ರೈಲು ಹಳಿಗಳನ್ನು ಕಾಯಿಸಿ ಮತ್ತೆ ಉರುಳಿಸಿ ಮಾಡಿರುತ್ತಾರೆ. ಅದರಲ್ಲಿ ಇಂಗಾಲದ ಅಂಶ ಹೆಚ್ಚು. ಬೆಸುಗೆಯ ಬಿಸಿ ಬೇಗನೆ ಆರಿದಾಗ ಪಕ್ಕದ ಪಟ್ಟಿ ಗಡುಸಾಗಿ, ಪೆಡಸಾಗುತ್ತದೆ. ಬೋಲ್ಟ್ ಹಾಕಿ ಬಳಸಲು ಅಡ್ಡಿಯಿಲ್ಲ, ಬೆಸುಗೆಗೆ ಮಾತ್ರ ಅದು ಹೇಳಿದ್ದಲ್ಲ.

ಗುರುತಿಸುವುದು ಕಷ್ಟವಲ್ಲ. ಗ್ರೈಂಡರ್ ಮುಟ್ಟಿಸಿ ಕಿಡಿ ನೋಡಿ. ಮೃದು ಉಕ್ಕಿನ ಕಿಡಿ ಒಣಹುಲ್ಲಿನ ಬಣ್ಣದ ಉದ್ದನೆಯ ಗೆರೆಯಾಗಿ ಹಾರುತ್ತದೆ, ಕವಲು ಕಡಿಮೆ. ಇಂಗಾಲ ಹೆಚ್ಚಿದ್ದರೆ ಗೆರೆ ಗಿಡ್ಡವಾಗಿ, ಸುರುಸುರುಬತ್ತಿಯಂತೆ ನಕ್ಷತ್ರ ನಕ್ಷತ್ರವಾಗಿ ಒಡೆಯುತ್ತದೆ. ಗೊತ್ತಿರುವ ಒಂದು ಮೃದು ಉಕ್ಕಿನ ತುಂಡನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಿದರೆ ಅನುಮಾನ ಉಳಿಯುವುದಿಲ್ಲ. ಕಾಂಕ್ರೀಟಿನ ಕಂಬಿಗೂ ಇದೇ ಎಚ್ಚರಿಕೆ. ಹಗ್ಗ ಕಟ್ಟುವ ಕೊಕ್ಕೆಗೆ ಬಿಟ್ಟರೆ ಬೇರಾವುದಕ್ಕೂ ನಾನು ಅದನ್ನು ಬಳಸುವುದಿಲ್ಲ.

ದುಂಡು ಪೈಪಿನ ಕಥೆ ಬೇರೆ. ನೀರಿನ ಪೈಪಾಗಲಿ ಸ್ಕ್ಯಾಫೋಲ್ಡಿಂಗ್ ಪೈಪಾಗಲಿ ನೋಡಲು ಚೆಂದ, ಬಗ್ಗಿಸುವ ಯಂತ್ರವಿದ್ದರೆ ಮೂಲೆಗಳೇ ಇಲ್ಲದ ಚೌಕಟ್ಟು ಮಾಡಬಹುದು. ಆದರೆ ಒಂದು ದುಂಡು ಇನ್ನೊಂದು ದುಂಡನ್ನು ಸೇರುವಲ್ಲೆಲ್ಲ ಮೀನಿನ ಬಾಯಿಯಂತೆ ತುದಿಯನ್ನು ಕೊರೆದು ಕೂರಿಸಬೇಕು. ಸಂದು ಬಿಟ್ಟರೆ ಬೆಸುಗೆ ಬರೀ ತುಂಬುಗಾರೆಯಾಗುತ್ತದೆ. ಇಂಥ 16 ಜೋಡಣೆಗಳನ್ನು ಕೈ ಗ್ರೈಂಡರಿನಲ್ಲಿ ಮಾಡುವಷ್ಟು ತಾಳ್ಮೆ ನಿಮಗಿದೆಯೇ? ಚೌಕ ಪೈಪಿಗೆ ನೇರವಾಗಿ ಕತ್ತರಿಸಿದರೆ ಸಾಕು. ನನ್ನ ಒಲವು ಚೌಕದ ಕಡೆ ಎಂದು ಈಗಾಗಲೇ ಗೊತ್ತಾಗಿರಬಹುದು. ಅದರ ಬಲಕ್ಕಿಂತ ಈ ಕತ್ತರಿಸುವ ಸುಲಭವೇ ಅದಕ್ಕೆ ದೊಡ್ಡ ಕಾರಣ.

ಸತು ಲೇಪಿಸಿದ ಪೈಪಾದರೆ ಇನ್ನೊಂದು ತೊಡಕು ಸೇರುತ್ತದೆ. ಸತು 907 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ, ಉಕ್ಕು ಕರಗಲು 1,500ರ ಹತ್ತಿರ ಬೇಕು. ಅಂದರೆ ಬೆಸುಗೆ ಕೂರುವ ಮೊದಲೇ ಸತು ಹೊಗೆಯಾಗಿ ಏಳುತ್ತದೆ, ಬೆಸುಗೆಯೊಳಗೆ ಗುಳ್ಳೆ ಬಿಡುತ್ತದೆ. ಆ ಬಿಳಿ ಹೊಗೆ ಕುಡಿದವರಿಗೆ ಕೆಲವು ಗಂಟೆಗಳ ನಂತರ ಚಳಿ, ಜ್ವರ, ಮೈಕೈ ನೋವು ಬರುತ್ತದೆ. ಬೆಸುಗೆಯ ಎರಡೂ ಬದಿಯಲ್ಲಿ ನಾಲ್ಕೈದು ಸೆಂ.ಮೀ. ಲೇಪನವನ್ನು ಉಜ್ಜಿ ತೆಗೆಯಿರಿ, ಬಯಲಿನಲ್ಲಿ ಕೆಲಸ ಮಾಡಿ, ಲೋಹದ ಹೊಗೆಗೆ ತಕ್ಕ ಮುಖಗವಸು ಹಾಕಿ. ಹಳದಿ ಮಿರುಗಿನ ಹಳೆಯ ಬೋಲ್ಟುಗಳಿಗಂತೂ ಬೆಂಕಿ ತಾಗಿಸಲೇಬೇಡಿ; ಅದು ಕ್ಯಾಡ್ಮಿಯಂ ಲೇಪನವಾಗಿದ್ದರೆ ಅದರ ಹೊಗೆ ಪ್ರಾಣಕ್ಕೇ ಕುತ್ತು. ಜಿಡ್ಡು ತೊಳೆಯಲು ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಬಳಸಿ ಮೇಲೆ ಬೆಸುಗೆ ಹಿಡಿಯುವುದೂ ಅಷ್ಟೇ ಅಪಾಯ, ಅದರಿಂದ ಫಾಸ್ಜಿನ್ ಎಂಬ ವಿಷಾನಿಲ ಹುಟ್ಟುತ್ತದೆ. ಹಳೆಯ ಕೆಂಪು ಪ್ರೈಮರ್ ಕಂಡರೆ ಸೀಸ ಇದೆಯೆಂದೇ ಭಾವಿಸಿ.

ಜೋಡಣೆ: ಬೆಸುಗೆಯೋ, ಬೋಲ್ಟೋ, ಎರಡೂ ಸೇರಿಸಿಯೋ

ಸಾಮಾನ್ಯ ಕಡ್ಡಿಯ ವೆಲ್ಡಿಂಗ್ ಯಂತ್ರ ಅಗ್ಗ, ಗಾಳಿಯಲ್ಲೂ ಕೆಲಸ ಮಾಡುತ್ತದೆ. ಗುಜರಿ ಉಕ್ಕಿಗೆ ಅದು ಹೊಂದುವುದು ಈ ಕಾರಣಕ್ಕೇ. 6011 ಎಂಬ ಗುರುತಿನ ಕಡ್ಡಿ ತುಕ್ಕು, ಬಣ್ಣದ ಉಳಿಕೆಯನ್ನು ಸುಟ್ಟುಕೊಂಡು ಆಳಕ್ಕಿಳಿಯುತ್ತದೆ. ತೆಳು ಪೈಪಿಗೆ ಅದು ಹೆಚ್ಚೇ ಆಳ. 6013 ಮೃದುವಾಗಿ ಹರಿಯುತ್ತದೆ, 2 ಮಿ.ಮೀ. ಗೋಡೆಗೆ ಅದೇ ವಾಸಿ, ಆದರೆ ಕಬ್ಬಿಣ ಹೊಳೆಯುವ ತನಕ ಉಜ್ಜಿರಬೇಕು. ತಂತಿಯ ಮಿಗ್ ಯಂತ್ರವಿದ್ದರೆ ತೆಳು ಪೈಪಿನ ಕೆಲಸ ಎಷ್ಟೋ ಸುಲಭ, ಯಂತ್ರಕ್ಕೆ ಹಣ ಹೆಚ್ಚು. ಒಂದೇ ರ‍್ಯಾಕ್‌ಗಾಗಿ ಯಂತ್ರ ಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ತುಂಡುಗಳನ್ನು ಅಳತೆಗೆ ಕತ್ತರಿಸಿ, ಉಜ್ಜಿ, ಗುರುತು ಹಾಕಿ ಅನುಭವಿ ಬೆಸುಗೆಗಾರರ ಬಳಿ ಒಯ್ದರೆ ಅವರ ಸಮಯವೂ ಉಳಿಯುತ್ತದೆ, ನಿಮ್ಮ ದುಡ್ಡೂ ಉಳಿಯುತ್ತದೆ.

ಬೋಲ್ಟಿನ ರ‍್ಯಾಕ್‌ಗೆ ಡ್ರಿಲ್, ಸ್ಪ್ಯಾನರ್ ಸಾಕು. ಬೇಡವಾದಾಗ ಬಿಚ್ಚಿಡಬಹುದು, ಗಾಡಿ ಬದಲಾದರೆ ಅಗಲ ಹೊಂದಿಸಬಹುದು. ಆದರೆ ಟೊಳ್ಳು ಪೈಪಿನ ಆರಪಾರ ಬೋಲ್ಟ್ ಹಾಕಿ ಬಿಗಿದರೆ ಗೋಡೆ ಒಳಕ್ಕೆ ಕುಸಿಯುತ್ತದೆ, ಬಿಗಿತ ನಿಲ್ಲುವುದಿಲ್ಲ. ಒಳಗೆ ಚಿಕ್ಕ ಪೈಪಿನ ತುಂಡೊಂದನ್ನು ಊರೆಯಾಗಿ ಕೂರಿಸಿ ಅದರ ಮೂಲಕ ಬೋಲ್ಟ್ ಹಾಯಿಸಬೇಕು. ಬೋಲ್ಟ್ ಗುಜರಿಯದ್ದು ಬೇಡ. ಕಬ್ಬಿಣ ಹಳೆಯದಿರಲಿ, ಬೋಲ್ಟ್ ಹೊಸದಿರಲಿ, ತಲೆಯ ಮೇಲೆ 8.8 ಎಂದು ಅಚ್ಚೊತ್ತಿರಲಿ. ಆ ಅಂಕಿಯ ಅರ್ಥ 800 ಮೆಗಾಪಾಸ್ಕಲ್ ಎಳೆತ ತಾಳುತ್ತದೆ, ಅದರ ಶೇ. 80ರವರೆಗೆ ಹಿಗ್ಗಿ ಕೆಡುವುದಿಲ್ಲ ಎಂದು.

ಎರಡೂ ಸೇರಿಸುವುದು ನನ್ನ ಆಯ್ಕೆ. ಎಡಬಲದ ಎರಡು ಚೌಕಟ್ಟುಗಳನ್ನು ನೆಲದ ಮೇಲೆ ಮಟ್ಟಸವಾಗಿ ಇಟ್ಟು ಬೆಸೆಯಿರಿ. ಅಡ್ಡಪಟ್ಟಿಗಳನ್ನು ಬೋಲ್ಟಿನಿಂದ ಸೇರಿಸಿ. ಬೆಸುಗೆಯ ಬಿಸಿಗೆ ಚೌಕಟ್ಟು ಒಂದಿಷ್ಟು ಸೊಟ್ಟಗಾಗುತ್ತದೆ. ಬೋಲ್ಟಿನ ತೂತನ್ನು ಗಾಡಿಯ ಮೇಲಿಟ್ಟೇ ಗುರುತು ಮಾಡಿದರೆ ಆ ಸೊಟ್ಟ ಅಲ್ಲೇ ತೀರುತ್ತದೆ. ರ‍್ಯಾಕನ್ನು ಒಬ್ಬರೇ ಬಿಚ್ಚಿ ಗೋಡೆಗೆ ಒರಗಿಸಿಡಲೂ ಆಗುತ್ತದೆ. ಗಾಡಿಯ ಮೇಲೆಯೇ ಬೆಸುಗೆ ಹಿಡಿಯಬೇಕಾಗಿ ಬಂದರೆ ಬ್ಯಾಟರಿಯ ಸಂಪರ್ಕ ತಪ್ಪಿಸಿ, ಅರ್ಥಿಂಗ್ ಕ್ಲಿಪ್ಪನ್ನು ಬೆಸುಗೆಯ ಪಕ್ಕದಲ್ಲೇ ಕಚ್ಚಿಸಿ.

ಕಂಬ, ಪಟ್ಟಿ ಸೇರುವ ಮೂಲೆಗಳಿಗೆ ತ್ರಿಕೋನದ ತಗಡು ಹಾಕುವುದನ್ನು ಅಲಂಕಾರ ಎಂದುಕೊಳ್ಳಬೇಡಿ. ನಾಲ್ಕು ಕಂಬದ ಮೇಲೊಂದು ಚೌಕಟ್ಟನ್ನಿಟ್ಟರೆ ಅದು ಕೆಳಕ್ಕೆ ಕುಸಿಯುವುದಿಲ್ಲ, ಮುಂದಕ್ಕೆ ಓರೆಯಾಗುತ್ತದೆ. 200 ಕೆ.ಜಿ. ಹೊರೆಯಿದ್ದು ಜೋರಾಗಿ ಬ್ರೇಕ್ ಒತ್ತಿದರೆ 160 ಕೆ.ಜಿ.ಯಷ್ಟು ಬಲ ಅದನ್ನು ಕ್ಯಾಬಿನ್ನಿನ ಕಡೆಗೆ ತಳ್ಳುತ್ತದೆ. ಉದ್ದಕ್ಕೆ ಎರಡು ಕರ್ಣಪಟ್ಟಿ ಇದ್ದರೆ ಆ ಬಲ ಅದರ ಮೂಲಕ ತೊಟ್ಟಿಗಿಳಿಯುತ್ತದೆ. ಇಲ್ಲದಿದ್ದರೆ ಪ್ರತಿ ಬ್ರೇಕಿಗೂ ಮೂಲೆಯ ಬೆಸುಗೆ ಒಂದೊಂದು ಎಳೆ ಬಗ್ಗುತ್ತದೆ, ಮಾರ್ಗವಿಡೀ ಬಗ್ಗುತ್ತದೆ, ಒಂದು ದಿನ ಬಿಡುತ್ತದೆ.

ತೊಟ್ಟಿಯ ಮೇಲೆ ಕೂರುವ ಬಗೆ

ಇಲ್ಲಿ ಎಲ್ಲರೂ ಅವಸರ ಮಾಡುತ್ತಾರೆ. ತೊಟ್ಟಿಯ ಅಂಚಿನ ತಗಡು ಸಾಮಾನ್ಯವಾಗಿ ಒಂದು ಮಿ.ಮೀ. ಆಸುಪಾಸಿನದು. ಅದಕ್ಕೆ ನೇರವಾಗಿ ನಾಲ್ಕು ಬೋಲ್ಟ್ ಹೊಡೆದರೆ ಎಷ್ಟೇ ಗಟ್ಟಿ ರ‍್ಯಾಕಾದರೂ ಆ ತಗಡಿನಷ್ಟೇ ಗಟ್ಟಿ.

ಕೆಲವು ಪಿಕಪ್‌ಗಳ ಅಂಚಿನಲ್ಲಿ ಗೂಟ ಇಳಿಸಲೆಂದೇ ಬಿಟ್ಟ ಚೌಕ ಗುಳಿಗಳಿರುತ್ತವೆ. ಇದ್ದರೆ ಅದೃಷ್ಟ: ಕಂಬವನ್ನೇ ಒಳಗಿಳಿಸಿ, ಅಡಿಯಲ್ಲಿ ಬೋಲ್ಟಿನಿಂದ ಹಿಡಿಸಿ. ಗಾಡಿಗೆ ತೂತು ಹೊಡೆಯುವ ಪ್ರಮೇಯವಿಲ್ಲ. ಎರಡನೆಯ ಬಗೆ ಹಿಡಿಕೆ, ಅಂದರೆ ಅಂಚನ್ನು ಮೇಲೆ ಕೆಳಗೆ ಅದುಮಿ ಹಿಡಿಯುವ ಕ್ಲಾಂಪ್. ತೆಗೆದು ಹಾಕುವವರಿಗೆ ಇದು ಅನುಕೂಲ, ತಗ್ಗಿನ ರ‍್ಯಾಕ್‌ಗೆ ಸಾಕು. ಎತ್ತರದ ರ‍್ಯಾಕ್‌ಗೆ ನಾನು ಇದನ್ನು ನೆಚ್ಚುವುದಿಲ್ಲ, ಅಲುಗಾಟಕ್ಕೆ ಜಾರುತ್ತದೆ. ಮೂರನೆಯದು ತೂತು ಹೊಡೆದು ಬೋಲ್ಟ್ ಹಾಕುವುದು. ಭಾರಕ್ಕೆ ಇದೇ ಸರಿ, ಆದರೆ ತಗಡಿನ ಕೆಳಗೆ ಅಂಗೈಯಗಲದ 5 ಮಿ.ಮೀ. ಪಟ್ಟಿಯನ್ನು ಒತ್ತಾಸೆಯಾಗಿ ಕೊಡಬೇಕು, ತೂತಿನ ಅಂಚಿಗೆ ಬಣ್ಣ ಬಳಿಯಬೇಕು. ಮೂರರಲ್ಲೂ ನಾಲ್ಕು ಪಾದಗಳ ಬದಲು ಅಂಚಿನುದ್ದಕ್ಕೂ ಒಂದು ಆಂಗಲ್ ತಳಪಟ್ಟಿ ಕೊಟ್ಟರೆ ಹೊರೆ ಹರಡಿಕೊಳ್ಳುತ್ತದೆ.

ತೊಟ್ಟಿ ಅಲ್ಯೂಮಿನಿಯಂ ಆಗಿದ್ದರೆ ಇನ್ನೊಂದು ಹೆಜ್ಜೆ ಬೇಕು. ಫೋರ್ಡ್ ಎಫ್-150 ಗಾಡಿ 2015ರ ಮಾದರಿಯಿಂದ ಅಲ್ಯೂಮಿನಿಯಂ ಮೈಯದ್ದು. ಉಕ್ಕು ಅಲ್ಯೂಮಿನಿಯಂ ತಾಗಿಕೊಂಡು ಒದ್ದೆಯಾದರೆ ಸವೆಯುವುದು ಅಲ್ಯೂಮಿನಿಯಂ. ನಡುವೆ ರಬ್ಬರ್ ಅಥವಾ ನೈಲಾನ್ ಹಾಳೆ, ಬೋಲ್ಟಿಗೆ ನೈಲಾನ್ ಬಳೆ ಹಾಕಿ.

ಬಣ್ಣ

ಪೌಡರ್ ಕೋಟಿಂಗ್ ನೋಡಲು ಅಂಗಡಿಯ ಸರಕಿನಂತಿರುತ್ತದೆ, ಆದರೆ ಗುಜರಿ ಕಬ್ಬಿಣದ ಗುಳಿಗಳಲ್ಲಿ ಉಳಿದ ಜಿಡ್ಡು 180-200 ಡಿಗ್ರಿಯ ಒಲೆಯಲ್ಲಿ ಗುಳ್ಳೆಯೆಬ್ಬಿಸುತ್ತದೆ. ಒಂದು ಕಡೆ ಕಿತ್ತರೆ ಅಡಿಯಲ್ಲೇ ತುಕ್ಕು ಹರಿಯುತ್ತದೆ. ಸತುವಿನ ಪ್ರೈಮರ್, ಮೇಲೆ ಎರಡು ಕೈ ಎನಾಮಲ್ ಬಳಿದರೆ ಗೀರು ಬಿದ್ದಲ್ಲಿ ಹತ್ತು ನಿಮಿಷದಲ್ಲಿ ತಿದ್ದಬಹುದು. ಸ್ವಂತ ಕೆಲಸದ ರ‍್ಯಾಕ್‌ಗೆ ಅದೇ ಸಾಕು. ಪೈಪಿನ ಒಳಗೆ ನೀರು ನಿಲ್ಲದಂತೆ ಪ್ರತಿ ತುಂಡಿನ ಕೆಳತುದಿಗೆ 5 ಮಿ.ಮೀ. ತೂತು ಬಿಡಿ, ಪೂರ್ತಿ ಮುಚ್ಚಿದ ಪೈಪಿಗೆ ಕೊನೆಯ ಬೆಸುಗೆ ಹಾಕುವಾಗ ಒಳಗಿನ ಬಿಸಿ ಗಾಳಿ ಹೊರಬರಲೂ ಅದೇ ದಾರಿ. ಬಿಸಿ ಸತುವಿನಲ್ಲಿ ಮುಳುಗಿಸುವ ಯೋಚನೆಯಿದ್ದರೆ ಇನ್ನೂ ದೊಡ್ಡ ತೂತುಗಳು ಬೇಕು. ಸುಮಾರು 450 ಡಿಗ್ರಿಯ ಸತುವಿನೊಳಗೆ ಮುಚ್ಚಿದ ಪೈಪ್ ಸಿಡಿಯಬಹುದು.

ಯಾರಿಗೆ ಯಾವುದು

ವೆಲ್ಡಿಂಗ್ ಬಾರದು, ಹಣವೂ ಕಡಿಮೆ, ಹೊರಬೇಕಾದದ್ದು ಎರಡು ಸೈಕಲ್ಲೋ ಒಂದು ಹಗುರ ಡೇರೆಯೋ: 40 ಮಿ.ಮೀ. ಚೌಕ ಪೈಪ್, ಆಂಗಲ್ ತಳಪಟ್ಟಿ, ಎಲ್ಲ ಬೋಲ್ಟ್, ಅಂಚಿಗೆ ಕ್ಲಾಂಪ್. ತೂಕ 40 ಕೆ.ಜಿ.ಯೊಳಗೆ ಮುಗಿಯುತ್ತದೆ.

ರ‍್ಯಾಕ್ ಮೇಲೆಯೇ ಬಿಡಿಸುವ ಚಾವಣಿ ಡೇರೆಯಲ್ಲಿ ಮಲಗುವವರಿಗೆ ಎರಡು ಲೆಕ್ಕ ಬೇಕು. ಓಡುವಾಗ ಡೇರೆಯೊಂದೇ, ನಿಂತಾಗ ಡೇರೆಯ ಜೊತೆ ಇಬ್ಬರು. ನಿಂತ ಭಾರ ದೊಡ್ಡದಾದರೂ ಅದಕ್ಕೆ ಕುಲುಕಾಟವಿಲ್ಲ. ರ‍್ಯಾಕನ್ನು ಪರೀಕ್ಷಿಸುವುದು ಓಡುವಾಗಿನ ಭಾರವೇ. 50 ಮಿ.ಮೀ. ಚೌಕ, ಬೆಸೆದ ಪಕ್ಕದ ಚೌಕಟ್ಟು, ಬೋಲ್ಟಿನ ಅಡ್ಡಪಟ್ಟಿ, ತಗ್ಗಿನ ಎತ್ತರ.

ದಿನವೂ ಏಣಿ, ಪೈಪ್ ಹೊರುವ ಕೆಲಸಗಾರರು ಕ್ಯಾಬಿನ್ನಿನ ಮೇಲೆ ಹಾಯುವ ರ‍್ಯಾಕನ್ನೇ ಕಟ್ಟಬೇಕು. ಸ್ಕ್ಯಾಫೋಲ್ಡಿಂಗ್ ಪೈಪಿನ ಹೆಚ್ಚುವರಿ 20 ಕೆ.ಜಿ. ಸಾರ್ಥಕವಾಗುವುದು ಇಲ್ಲಿ ಮಾತ್ರ, ಏಕೆಂದರೆ ದಿನವೂ ಕಬ್ಬಿಣ ಎಸೆಯುವ ಜಾಗದಲ್ಲಿ ತೆಳು ಪೈಪ್ ನೆಗ್ಗುತ್ತದೆ. ಮೀನಿನ ಬಾಯಿ ಕೊರೆಯುವ ಕೆಲಸ ಬೇಸರವಾದರೆ ಕಂಬ ಮಾತ್ರ ಚೌಕ, ಮೇಲಿನ ಅಡ್ಡಪಟ್ಟಿ ಮಾತ್ರ ದುಂಡು ಮಾಡಿ. ಅಡ್ಡಪಟ್ಟಿಯ ತುದಿಗೆ ಚಪ್ಪಟೆ ತಗಡು ಬೆಸೆದು ಬೋಲ್ಟಿನಿಂದ ಹಿಡಿಸಿದರೆ ಕೊರೆತವೇ ಬೇಡ.

ವಾರಕ್ಕೆ ಎರಡು ಗಂಟೆಯೂ ಬಿಡುವಿಲ್ಲದವರಿಗೆ ಗುಜರಿ ಅಗ್ಗವಲ್ಲ. ಉಜ್ಜುವ ಡಿಸ್ಕ್, ಕಡ್ಡಿ, ಬಣ್ಣ, ಹೊಂದದ ಅಳತೆಗಳ ಜೊತೆ ಗುದ್ದಾಟ, ಇವಕ್ಕೆಲ್ಲ ಬೆಲೆಯಿದೆ. ಅಂಥವರು ಕಂಬ, ಅಡ್ಡಪಟ್ಟಿಗೆ ಹೊಸ ಚೌಕ ಪೈಪನ್ನೇ ಕೊಂಡು ತಳಪಟ್ಟಿ, ಕರ್ಣಪಟ್ಟಿ, ಕೊಕ್ಕೆಗಳಿಗಷ್ಟೇ ಗುಜರಿಯನ್ನು ಬಳಸಲಿ. ತೂಕವೇ ದೊಡ್ಡ ಚಿಂತೆಯಾದವರು ಕಾರ್ಖಾನೆಯ ಅಲ್ಯೂಮಿನಿಯಂ ರ‍್ಯಾಕ್ ಕಡೆ ನೋಡುವುದು ಒಳ್ಳೆಯದು.

ಯಾವುದನ್ನು ಕಟ್ಟಿದರೂ ಮೊದಲ ದಿನವೇ ಪೂರ್ತಿ ಹೊರೆ ಹೇರಬೇಡಿ. ಖಾಲಿ ರ‍್ಯಾಕನ್ನು ಕೈಯಿಂದ ಹಿಡಿದು ಮುಂದಕ್ಕೆ ಹಿಂದಕ್ಕೆ ಜಗ್ಗಿ: ಗಾಡಿಯ ಸ್ಪ್ರಿಂಗ್ ಅಲುಗಬೇಕು, ರ‍್ಯಾಕ್ ಅಲುಗಬಾರದು. ಆಮೇಲೆ ಅರ್ಧ ಹೊರೆಯಲ್ಲಿ ನೂರು ಕಿ.ಮೀ. ಓಡಿಸಿ ಪ್ರತಿ ಬೋಲ್ಟಿಗೆ ಸ್ಪ್ಯಾನರ್ ಹಾಕಿ ನೋಡಿ. ಪ್ರತಿ ಬೆಸುಗೆಯ ಅಂಚಿನ ಬಣ್ಣವನ್ನು ಟಾರ್ಚ್ ಹಿಡಿದು ನೋಡಿ. ಬಣ್ಣದಲ್ಲಿ ಕೂದಲೆಳೆಯಷ್ಟು ಕಂದು ಗೆರೆ ಕಂಡರೆ ಅಡಿಯ ಕಬ್ಬಿಣ ಬಿರಿಯತೊಡಗಿದೆ ಎಂದರ್ಥ. ಅದರ ಮೇಲೆಯೇ ಇನ್ನೊಂದು ಬೆಸುಗೆ ಎಳೆಯಬೇಡಿ. ಬಿರುಕನ್ನು ಪೂರ್ತಿ ಉಜ್ಜಿ ತೆಗೆದು, ಮತ್ತೆ ಬೆಸೆದು, ಆ ಮೂಲೆಗೊಂದು ತ್ರಿಕೋನದ ತಗಡು ಸೇರಿಸಿ, ಮತ್ತೆ ನೂರು ಕಿ.ಮೀ. ಓಡಿಸಿ ನೋಡಿ.